ಗಂಟಲು ಕಟ್ಟಿದವನ ಹಾಡು

ಅವ್ವ ಹೋದ ಹದಿಮೂರನೇ ದಿನ ಲ್ಯಾಪ್‌ಟಾಪ್ ತೆಗೆದೆ. ಬೆಳಗಿನ ಕಾಲ್‌ನಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾದರು. ‘ನಿಧಾನಕ್ಕೆ ಶುರು ಮಾಡಿ, ಅರ್ಜೆಂಟ್ ಏನಿಲ್ಲ’ ಅಂತ ಮ್ಯಾನೇಜರ್ ಹೇಳಿದರು. ‘ಪರವಾಗಿಲ್ಲ ಸರ್, ಐ ಆ್ಯಮ್ ಫೈನ್’ ಅಂದೆ. ಸುಳ್ಳು ಹೇಳಿದೆ ಅಂದ್ಕೋಬೇಡಿ. ನಿಜವಾಗಿಯೂ ಫೈನ್ ಆಗೇ ಇದ್ದೆ. ಆ ದಿನ ಮೂರು ಬಗ್ ಕ್ಲೋಸ್ ಮಾಡಿದೆ. ಮಧ್ಯಾಹ್ನ ಊಟ ಸೇರಿತು, ರಾತ್ರಿ ನಿದ್ದೆ ಬಂತು. ಒಂದು ಹನಿ ಕಣ್ಣೀರು ಮಾತ್ರ ಬಂದಿರಲಿಲ್ಲ.

ಊರಲ್ಲಿ ಇದು ಎಲ್ಲರ ಕಣ್ಣಿಗೂ ಬಿದ್ದಿತ್ತು. ನಮ್ಮ ಬೀಗತನವೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಈ ನಾಲ್ಕು ತಾಲ್ಲೂಕು ದಾಟಿಲ್ಲ. ಅವ್ವನ ತವರು ಇಂಡಿ ಕಡೆ, ಕೊಟ್ಟಿದ್ದು ಸಿಂದಗಿ ಕಡೆಗೆ. ಅಕ್ಕ ಮುದ್ದೇಬಿಹಾಳದಲ್ಲಿ, ಅವ್ವನ ತಂಗಿ, ಅಂದರೆ ನನ್ನ ಚಿಗವ್ವ, ಬಾಗೇವಾಡಿ ಹತ್ತಿರ. ಬೆಂಗಳೂರಿನಿಂದ ಐನೂರು ಕಿಲೋಮೀಟರ್‌ಗಿಂತ ಹೆಚ್ಚು ದೂರ ರಾತ್ರಿಯಿಡೀ ಆ್ಯಂಬುಲೆನ್ಸ್‌ನಲ್ಲಿ ಕೂತು ನಾನು ಅವ್ವನನ್ನ ಊರಿಗೆ ಒಯ್ದಾಗ ನಾಲ್ಕೂ ಕಡೆಯವರು ಬಂದು ಕಟ್ಟೆ ಮೇಲೆ ಕೂತಿದ್ದರು. ಚಿಗವ್ವ ಅವ್ವನ ಮುಂದೆ ಕೂತು ಹಾಡಿ ಅಳೋಕೆ ಶುರು ಮಾಡಿದಳು. ನಮ್ಮ ಕಡೆಯವರಿಗೆ ಇದು ಗೊತ್ತು, ಉಳಿದವರಿಗೆ ಹೇಳ್ತೀನಿ: ನಮ್ಮ ಹೆಣ್ಣುಮಕ್ಕಳು ಸಾವಿನ ಮುಂದೆ ಬರೀ ಅಳೋದಿಲ್ಲ, ಹಾಡಿಕೊಂಡು ಅಳ್ತಾರೆ. ಸತ್ತವರ ಬದುಕೆಲ್ಲ ಅದರಲ್ಲಿ ಬರುತ್ತೆ. ಬೋರ್‌ವೆಲ್ ಬತ್ತಿದ ವರ್ಷ ಬಂತು, ಮದುವೆಗೆ ಹೋಗೋಕೆ ಅವ್ವ ತಂಗಿಗೆ ಉಡಿಸಿ ಕಳಿಸಿದ ಇಳಕಲ್ ಸೀರೆ ಬಂತು, ಅವ್ವ ಹಿತ್ತಲಲ್ಲಿ ಹಚ್ಚಿದ ಲಿಂಬೆ ಗಿಡವೂ ಬಂತು.

ಗಂಡಸರು ಹೊರಗೆ ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಹಾರ, ಟ್ರ್ಯಾಕ್ಟರ್, ಕುಣಿ ತೋಡುವವರ ಲೆಕ್ಕ ನೋಡ್ತಿದ್ದರು. ನಾನೂ ಅವರ ಜೊತೆ ನಿಂತೆ. ಫೋನ್‌ಪೇನಲ್ಲಿ ದುಡ್ಡು ಹಾಕೋ ಕೆಲಸ ನನಗೆ ಸಿಕ್ಕಿತು. ಚೆನ್ನಾಗಿಯೇ ಮಾಡಿದೆ.

ಆಮೇಲೆ ಚಿಗವ್ವನ ಹಾಡಿನಲ್ಲಿ ಆ ಮಾತು ಬಂತು. ‘ಹಳ್ಯಾಗ ಇದ್ದಿದ್ರ ಇರ್ತಿದ್ದೆಲ್ಲ ಅಕ್ಕಾ, ಮುಗಿಲಿಗೆ ಒಯ್ದು ಇಟ್ರಲ್ಲ ನಿನ್ನ’ ಅನ್ನೋ ಅರ್ಥದ್ದು. ಮುಗಿಲು ಅಂದರೆ ನನ್ನ ಒಂಬತ್ತನೇ ಮಹಡಿಯ ಫ್ಲ್ಯಾಟು.

ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಇದ್ದಳು. ಬಾ ಅಂತ ಎರಡು ವರ್ಷ ಕರೆದೆ, ಒಲ್ಲೆ ಅಂದಳು. ಕೊನೆಗೆ ಜಗಳ ಮಾಡಿ ಕರ್ಕೊಂಡು ಬಂದೆ. ಬೆಳಿಗ್ಗೆ ಐದಕ್ಕೆ ಎದ್ದು ದನದ ಕೊಟ್ಟಿಗೆಗೆ ಹೋಗ್ತಿದ್ದವಳು ಬಾಲ್ಕನಿಯಲ್ಲಿ ಕುರ್ಚಿ ಹಾಕ್ಕೊಂಡು ಕೆಳಗಿನ ಕಾರು ಎಣಿಸ್ತಾ ಕೂತಳು. ಎಂಟು ತಿಂಗಳಿಗೆ, ಒಂದು ನಸುಕಿನಲ್ಲಿ ಹಾರ್ಟ್ ಅಟ್ಯಾಕ್. ಡಾಕ್ಟರು ಇದು ಎಲ್ಲಿದ್ದರೂ ಆಗಬಹುದಾಗಿತ್ತು ಅಂದರು. ಇರಬಹುದು. ಚಿಗವ್ವ ಡಾಕ್ಟರಲ್ಲ, ಆದರೆ ನನ್ನ ತಲೆಯಲ್ಲಿ ಉಳಿದದ್ದು ಅವಳು ಹೇಳಿದ್ದು.

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಹೊಸ ಹಾಡು, ಹೊಸ ಆಲ್ಬಮ್ ಬಗ್ಗೆ ಬರೀತೀನಿ. ಈ ಸಲ ಒಂದು ಹಳೇದು. 2008ರ ನವೆಂಬರ್ 24ಕ್ಕೆ ಬಂದ ಕಾನ್ಯೆ ವೆಸ್ಟ್‌ನ ‘808ಸ್ ಅಂಡ್ ಹಾರ್ಟ್‌ಬ್ರೇಕ್’. ನಮ್ಮ ಹಾಸ್ಟೆಲ್‌ನಲ್ಲಿ ಕಾನ್ಯೆ ಅಂದರೆ ‘ಸ್ಟ್ರಾಂಗರ್’. ರೂಮ್‌ಮೇಟ್‌ನ ಪೆನ್‌ಡ್ರೈವ್‌ನಲ್ಲಿ ಈ ಆಲ್ಬಮ್ಮೂ ಇತ್ತು, ಶುರುವಾದರೆ ಸ್ಕಿಪ್ ಮಾಡ್ತಿದ್ವಿ. ರ‍್ಯಾಪರ್ ಆದವನು ಹಾಡ್ತಾನೆ, ಅದೂ ರೋಬೋಟ್ ದನಿಯಲ್ಲಿ. ‘ಇವನಿಗೇನಾಯ್ತಲೇ?’ ಅಂತ ನಗ್ತಿದ್ವಿ.

ಇವನಿಗೆ ಆಗಿದ್ದು ಇದು. 2007ರ ನವೆಂಬರ್ 10ಕ್ಕೆ ಅವನ ತಾಯಿ ಡೊಂಡಾ ವೆಸ್ಟ್ ತೀರಿಕೊಂಡರು. ಹಿಂದಿನ ದಿನ ಒಂದು ಕಾಸ್ಮೆಟಿಕ್ ಸರ್ಜರಿ ಆಗಿತ್ತು. ವಯಸ್ಸು 58. ಮರುವರ್ಷ ಮದುವೆ ನಿಶ್ಚಯವಾಗಿದ್ದ ಹುಡುಗಿಯ ಜೊತೆಗಿನ ಸಂಬಂಧವೂ ಮುರಿಯಿತು. ಡೊಂಡಾ ಸಾಮಾನ್ಯ ಹೆಣ್ಣುಮಗಳಲ್ಲ. ಷಿಕಾಗೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾಗಿದ್ದವರು. ಮಗ ಅದೇ ಯೂನಿವರ್ಸಿಟಿಯನ್ನ ಅರ್ಧಕ್ಕೆ ಬಿಟ್ಟು ಬೀಟ್ ಮಾಡೋಕೆ ಹೋದ, ಮೊದಲ ಆಲ್ಬಮ್‌ಗೆ ‘ದ ಕಾಲೇಜ್ ಡ್ರಾಪ್‌ಔಟ್’ ಅಂತಲೇ ಹೆಸರಿಟ್ಟ. ಪ್ರೊಫೆಸರ್ ತಾಯಿಗೆ ಹೇಗಾಗಿರಬೇಡ! ನಾನು ಮೆಕ್ಯಾನಿಕಲ್ ಬೇಡ ಕಂಪ್ಯೂಟರ್ ಸೈನ್ಸ್ ತಗೋತೀನಿ ಅಂದಿದ್ದಕ್ಕೇ ನಮ್ಮ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಆಕೆ ಮಾತ್ರ 2004ರಲ್ಲಿ ಕೆಲಸ ಬಿಟ್ಟು, ಊರು ಬಿಟ್ಟು, ಮಗನ ವ್ಯವಹಾರ ನೋಡಿಕೊಳ್ಳೋಕೆ ಕ್ಯಾಲಿಫೋರ್ನಿಯಾಗೆ ಹೋದರು.

ಈ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಮಗನಿಗಾಗಿ ಊರು ಬಿಟ್ಟ ತಾಯಿ. 2015ರಲ್ಲಿ ಒಂದು ಬ್ರಿಟಿಷ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಕಾನ್ಯೆ, ತಾನು ಲಾಸ್ ಏಂಜಲೀಸ್‌ಗೆ ಬರದೇ ಇದ್ದಿದ್ದರೆ ಅಮ್ಮ ಬದುಕಿರುತ್ತಿದ್ದಳು ಅನ್ನೋ ಅರ್ಥದ ಮಾತಾಡಿದ್ದಾನೆ. ಅಷ್ಟು ಹೊತ್ತಿಗೆ ಎಂಟು ವರ್ಷ ಆಗಿತ್ತು. ಅಷ್ಟು ದುಡ್ಡು, ಅಷ್ಟು ಹೆಸರು ಇದ್ದವನೂ ಎಂಟು ವರ್ಷ ಆದಮೇಲೆ ಬಂದು ನಿಂತಿದ್ದು ಚಿಗವ್ವನ ಆ ಒಂದು ಸಾಲಿನ ಮುಂದೆಯೇ.

ಇದನ್ನೆಲ್ಲ ನಾನು ಓದಿದ್ದು ಆಮೇಲೆ. ಮೊದಲು ಆಗಿದ್ದು ಹಾಡು. ಅವ್ವನ ತಿಂಗಳ ಪೂಜೆಗೆ ಊರಿಗೆ ಹೊರಟಿದ್ದೆ, ಸ್ಲೀಪರ್ ಬಸ್ಸಿನ ಮೇಲಿನ ಬರ್ತು. ಚಿತ್ರದುರ್ಗ ದಾಟಿರಬೇಕು, ಪ್ಲೇಲಿಸ್ಟ್ ಮುಗಿದು ಆ್ಯಪ್ ತಾನೇ ಒಂದು ಹಾಡು ಹಾಕಿತು. ‘ಸೇ ಯು ವಿಲ್’, ಈ ಆಲ್ಬಮ್ಮಿನ ಮೊದಲನೇದು. ಸ್ಕಿಪ್ ಮಾಡೋಕೆ ಕೈ ಹೊರಗೆ ತೆಗೀಬೇಕಿತ್ತು, ಚಳಿ ಇತ್ತು, ಬಿಟ್ಟೆ. ಹಾಡು ಆರು ನಿಮಿಷಕ್ಕಿಂತ ಜಾಸ್ತಿ. ಅರ್ಧಕ್ಕೇ ಮಾತು ಮುಗಿದುಹೋಗುತ್ತೆ. ಉಳಿದ ಸುಮಾರು ಮೂರು ನಿಮಿಷ ಬರೀ ಬೀಟು, ಕೋರಸ್ಸು, ನಡುನಡುವೆ ಟಿಕ್ ಟಿಕ್ ಅನ್ನೋ ಒಂದು ಸಣ್ಣ ಸದ್ದು. ಆ ಸದ್ದು ನಾನು ಕೇಳಿದ್ದೆ. ಐಸಿಯು ಹೊರಗೆ ಗಾಜಿನ ಬಾಗಿಲಿಗೆ ಹಣೆ ಹಚ್ಚಿ ನಿಂತಾಗ ಕೇಳಿಸಿದ್ದು ಅದೇ. ಕಾನ್ಯೆ ಅದನ್ನ ಯಾಕೆ ಇಟ್ಟನೋ ನನಗೆ ಬೇಕಾಗಿಲ್ಲ. ಇಡೀ ಆಲ್ಬಮ್ ಕೇಳಿದೆ. ಹನ್ನೊಂದನೇ ಹಾಡು ‘ಕೋಲ್ಡೆಸ್ಟ್ ವಿಂಟರ್’, ತಾಯಿಗೆ ಅಂತಲೇ ಮಾಡಿದ್ದು, ಮೂರು ನಿಮಿಷವೂ ಇಲ್ಲ. ಅದು ಮುಗಿಯೋ ಹೊತ್ತಿಗೆ ನಾನು ಬೆಡ್‌ಶೀಟ್ ಬಾಯಿಗೆ ತುರುಕ್ಕೊಂಡಿದ್ದೆ, ಕೆಳಗಿನ ಬರ್ತ್‌ನವರಿಗೆ ಕೇಳಿಸಬಾರದು ಅಂತ.

ಯಾಕೆ ಈ ಹಾಡಿಗೆ? ಅದೇ ಊರಲ್ಲಿ ಚಿಗವ್ವನ ಹಾಡಿಗೆ ಬಾರದ ಅಳು, ಇಂಗ್ಲಿಷ್ ಹಾಡಿಗೆ, ಅದೂ ಮಷೀನ್ ದನಿಗೆ ಯಾಕೆ ಬಂತು? ಇಂಜಿನಿಯರ್ ಅಲ್ವಾ, ಬಿಡಿಸಿ ನೋಡಿದೆ.

ಮೊದಲು ಆ 808. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808 ಅನ್ನೋ ಡ್ರಮ್ ಮಷೀನು. 1980ರಲ್ಲಿ ಬಂತು, 1983ಕ್ಕೆ ನಿಂತಿತು, ಸುಮಾರು 12,000 ಅಷ್ಟೇ ತಯಾರಾಗಿದ್ದು. ನಿಜವಾದ ಡ್ರಮ್ಮಿನ ರೆಕಾರ್ಡಿಂಗ್ ಅದರಲ್ಲಿ ಇಲ್ಲ. ಅನಲಾಗ್ ಸರ್ಕ್ಯೂಟೇ ಸದ್ದನ್ನ ಹುಟ್ಟಿಸುತ್ತೆ. ‘ಧಬ್’ ಅಂದಮೇಲೆ ಅದು ತಕ್ಷಣ ಸಾಯೋದಿಲ್ಲ, ಎದೆಯೊಳಗೆ ಒಂದಷ್ಟು ಹೊತ್ತು ಉಳಿಯುತ್ತೆ. ರೋಲ್ಯಾಂಡ್ ಸ್ಥಾಪಕ ಇಕುತಾರೋ ಕಾಕೆಹಾಶಿ ಆಮೇಲೆ ಒಂದು ಗುಟ್ಟು ಹೇಳಿದರು. ಆ ಮಷೀನಿಗೆ ಬೇಕಂತಲೇ ದೋಷ ಇರೋ ಟ್ರಾನ್ಸಿಸ್ಟರ್‌ಗಳನ್ನ ಹುಡುಕಿ ಹಾಕ್ತಿದ್ರಂತೆ, ಆ ಸುಂಯ್ ಅನ್ನೋ ಸದ್ದಿಗೆ. ಫ್ಯಾಕ್ಟರಿಗಳು ಸುಧಾರಿಸಿ ಕೆಟ್ಟ ಟ್ರಾನ್ಸಿಸ್ಟರ್ ಸಿಗೋದೇ ನಿಂತಾಗ ಮಷೀನೂ ನಿಂತಿತು. ನಮ್ಮ ಕ್ಯೂಎ ಟೀಮಿನವರಿಗೆ ಈ ಕಥೆ ಹೇಳಿದೆ, ಯಾರೂ ನಗಲಿಲ್ಲ. ಇನ್ನೊಂದು: 808 ಅನ್ನೋದು ಹವಾಯಿಯ ಫೋನ್ ಕೋಡ್ ಕೂಡ. ಈ ಆಲ್ಬಮ್ಮಿನ ಬಹುಪಾಲು ಆಗಿದ್ದು ಹವಾಯಿಯ ಹೊನೊಲುಲುವಿನಲ್ಲೇ, ಮೂರು ವಾರದ ಆಸುಪಾಸಿನಲ್ಲಿ. ಜೊತೆಗಿದ್ದ ಹುಡುಗ ಕಿಡ್ ಕಡಿ ಹನ್ನೊಂದು ವರ್ಷದವನಿದ್ದಾಗ ತಂದೆಯನ್ನ ಕಳ್ಕೊಂಡವನು. ‘ವೆಲ್ಕಮ್ ಟು ಹಾರ್ಟ್‌ಬ್ರೇಕ್’ನಲ್ಲಿ ಇಬ್ಬರೂ ಇದ್ದಾರೆ. ಗೆಳೆಯ ತನ್ನ ಮಕ್ಕಳ ಫೋಟೊ ತೋರಿಸ್ತಾನೆ, ಕಾನ್ಯೆ ಹತ್ರ ತೋರಿಸೋಕೆ ಇರೋದು ತನ್ನ ಮನೆಯ ಫೋಟೊ. ಫ್ಲ್ಯಾಟ್ ತಗೊಂಡ ದಿನ ನಾನು ಫ್ಯಾಮಿಲಿ ಗ್ರೂಪಿಗೆ ಹಾಕಿದ ಹದಿನೇಳು ಫೋಟೊ ನೆನಪಾದವು.

ಇನ್ನು ಆ ರೋಬೋಟ್ ದನಿ. ಆಟೋ-ಟ್ಯೂನ್ ಅನ್ನೋ ಸಾಫ್ಟ್‌ವೇರು, 1997ರದ್ದು. ಮಾಡಿದವರು ಆ್ಯಂಡಿ ಹಿಲ್ಡೆಬ್ರಾಂಡ್. ಅವರ ಮೊದಲ ಕಸುಬು ಎಣ್ಣೆ ಹುಡುಕೋದು. ನೆಲದೊಳಗೆ ಕಂಪನ ಕಳಿಸಿ, ವಾಪಸ್ ಬರೋ ಅಲೆಯ ಲೆಕ್ಕ ಹಾಕಿ, ಎಣ್ಣೆ ಎಲ್ಲಿದೆ ಅಂತ ಹೇಳೋ ಗಣಿತ. ಆಟೋಕೋರಿಲೇಶನ್ ಅಂತ ನಾವು ಸಿಗ್ನಲ್ಸ್ ಪೇಪರಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಒಂದು ಅಲೆಯನ್ನ ಅದರದೇ ಸ್ವಲ್ಪ ತಡವಾದ ಪ್ರತಿಯ ಜೊತೆ ಹೋಲಿಸಿ, ಎಲ್ಲಿ ತಾಳೆಯಾಗುತ್ತೆ ನೋಡೋದು. ಅದೇ ಗಣಿತದಿಂದ ಹಾಡೋರ ಸ್ವರ ಎಷ್ಟಿದೆ ಅಂತ ಕಂಡುಹಿಡಿದು, ತಪ್ಪಿದ್ದರೆ ಹತ್ತಿರದ ಸರಿ ಸ್ವರಕ್ಕೆ ಎಳೀತಾರೆ. ಎಷ್ಟು ಬೇಗ ಎಳೀಬೇಕು ಅನ್ನೋದಕ್ಕೆ ಒಂದು ಸೆಟ್ಟಿಂಗ್ ಇದೆ. ನಿಧಾನ ಇಟ್ಟರೆ ಕೇಳೋರಿಗೆ ಗೊತ್ತೇ ಆಗಲ್ಲ. ಸೊನ್ನೆಗೆ ಇಟ್ಟರೆ ದನಿ ಜಾರೋದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹಾರಿದ ಹಾಗೆ ಹಾರುತ್ತೆ.

ಈಗ ಅಳು ತಡ್ಕೊಂಡು ಹಾಡೋನ ದನಿ ಇದರೊಳಗೆ ಹೋಗಲಿ. ಅವನ ದನಿ ಒಂದು ಸ್ವರದ ಮೇಲೆ ನಿಲ್ಲಲ್ಲ, ನಡುಗುತ್ತೆ. ಸಾಫ್ಟ್‌ವೇರು ಬಿಡಲ್ಲ, ಹಿಡಿದು ನಿಲ್ಲಿಸುತ್ತೆ. ಮತ್ತೆ ನಡುಗುತ್ತೆ, ಮತ್ತೆ ನಿಲ್ಲಿಸುತ್ತೆ. ಕೇಳೋರಿಗೆ ಅಳು ಕೇಳಿಸಲ್ಲ, ಅಳುವನ್ನ ಯಾರೋ ಹಿಡಿದುಕೊಂಡಿರೋದು ಕೇಳಿಸುತ್ತೆ. ಕಟ್ಟೆ ಮೇಲೆ ಹಾರದ ಲೆಕ್ಕ ಮಾಡ್ತಾ ನಿಂತ ಗಂಡಸರ ದನಿ ಹಾಗೇ ಇರುತ್ತಲ್ವಾ? ನನ್ನ ‘ಐ ಆ್ಯಮ್ ಫೈನ್’ ಕೂಡ ಹಾಗೇ ಇತ್ತೇನೋ. ಚಿಗವ್ವನ ಹಾಡು ಚಿಗವ್ವನದು, ಅವಳಿಗೆ ಅದರ ದಾರಿ ಗೊತ್ತು. ನನಗೆ ಕಲಿಸಿರಲಿಲ್ಲ. ನನ್ನ ದನಿಯ ಹಾಗೆ ಕೇಳಿಸಿದ್ದು ಈ ಮಷೀನು.

ತನ್ನ ಮನಸ್ಸಿನಲ್ಲಿರೋದು ಬರೀ ರ‍್ಯಾಪ್‌ನಲ್ಲಿ ಹೇಳೋಕೆ ಆಗಲ್ಲ ಅಂತ ಕಾನ್ಯೆಗೂ ಅನಿಸಿತ್ತು. ಹಾಡೋಕೆ ಬರಲ್ಲ, ಆದರೆ ಹಾಡಲೇಬೇಕು. ಮೊದಲು ಅವನೂ ಎಲ್ಲರಂತೆ ಕೆಲಸಕ್ಕೆ ಹೋಗಿದ್ದ. ತಾಯಿ ಸತ್ತ ಅದೇ ತಿಂಗಳು ಪ್ಯಾರಿಸ್‌ನಲ್ಲಿ ಶೋ ಕೊಟ್ಟ. ಆಕೆಗಾಗಿ 2005ರಲ್ಲೇ ಮಾಡಿದ್ದ ‘ಹೇ ಮಾಮಾ’ ಹಾಡೋಕೆ ಹೋಗಿ ಸ್ಟೇಜ್ ಮೇಲೆಯೇ ಕುಸಿದ. ಮೂರು ತಿಂಗಳಿಗೆ, 2008ರ ಫೆಬ್ರುವರಿ 10ಕ್ಕೆ, ಗ್ರ್ಯಾಮಿ ವೇದಿಕೆಯಲ್ಲಿ ಅದೇ ಹಾಡು. ನಾನು ಹದಿಮೂರನೇ ದಿನಕ್ಕೆ ಲಾಗಿನ್ ಆದವನು, ಅವನ ಬಗ್ಗೆ ಏನೂ ಹೇಳಲಾರೆ.

ಆಲ್ಬಮ್ ಬಂದಾಗ ಬಹಳ ಜನ ಮುಖ ಮುರಿದರು. ಆದರೂ ಮೊದಲ ವಾರದಲ್ಲೇ ನಾಲ್ಕೂವರೆ ಲಕ್ಷದಷ್ಟು ಖರ್ಚಾಗಿ ಅಮೆರಿಕದ ಚಾರ್ಟ್‌ನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಆಮೇಲೆ ಡ್ರೇಕ್ ಬಂದ, ಹಾಡೋದು ಮತ್ತು ರ‍್ಯಾಪ್ ಕಲಸಿ ದುಃಖ ಹೇಳೋ ಒಂದು ಇಡೀ ತಲೆಮಾರೇ ಬಂತು. ಇವತ್ತು ನಿಮ್ಮ ಫೋನಿನಲ್ಲಿ ರಾತ್ರಿ ಒಂದು ಗಂಟೆಗೆ ಕೇಳೋ ಅರ್ಧ ಹಾಡುಗಳ ಬೇರು ಇಲ್ಲಿದೆ.

ಈ ಮನುಷ್ಯನ ಪರವಾಗಿ ವಾದ ಮಾಡೋಕೆ ನಾನು ಬಂದಿಲ್ಲ. 2022ರಲ್ಲಿ ಯಹೂದಿಗಳ ವಿರುದ್ಧ ಅವನು ಆಡಿದ ಮಾತು ಅಸಹ್ಯ, ಅಡಿಡಾಸ್ ಕಂಪನಿ ಸಂಬಂಧ ಕಡಿದುಕೊಂಡಿತು, ಸರಿಯಾಗೇ ಮಾಡಿತು. ದುಃಖ ಅದಕ್ಕೆ ನೆಪ ಆಗಲ್ಲ. ತಾಯಿ ಸತ್ತವರೆಲ್ಲ ಹಾಗೆ ಮಾತಾಡಲ್ಲ. ಅವನ ಹೊಸ ಹಾಡು ಕೇಳೋದು ಬಿಟ್ಟಿದ್ದೀನಿ. ಈ ಒಂದನ್ನ ಬಿಡೋಕೆ ಆಗಿಲ್ಲ. ಸರಿಯೋ ತಪ್ಪೋ, ನೀವೇ ಹೇಳಿ.

ನಮ್ಮ ಕಡೆ ಇಂಥದ್ದು ಇದೆಯಾ ಅಂತ ಹುಡುಕಿದೆ. ಕನ್ನಡ ರ‍್ಯಾಪ್‌ನಲ್ಲಿ ಮಜಾ ಇದೆ, ಊರಿನ ಹೆಮ್ಮೆ ಇದೆ, ‘3 ಪೆಗ್’ಗೆ ನಾನೂ ಕುಣಿದವನೇ. ಸಿಂದಗಿ ಭಾಷೆಯಲ್ಲಿ ಒಬ್ಬ ಗಂಡಸು ಕೂತು ಅತ್ತ ಆಲ್ಬಮ್ ನನಗಂತೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಅವ್ವನ ತವರಿನಿಂದ ಹಲಸಂಗಿ ದೂರವಿಲ್ಲ. ಆಗ ಇಂಡಿ ತಾಲ್ಲೂಕು, ಈಗ ಚಡಚಣಕ್ಕೆ ಸೇರಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ, ಹಲಸಂಗಿ ಗೆಳೆಯರು ಅಂತ ಶಾಲೆಯಲ್ಲಿ ಎರಡು ಮಾರ್ಕಿಗೆ ಓದಿದ್ವಲ್ಲ, ಅವರು. ಊರೂರು ತಿರುಗಿ, ಬೀಸೋ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ತ್ರಿಪದಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಬೀಸೋ ಕಲ್ಲು ಅಂದರೆ ಏನು? ಬೀಟೇ ಅಲ್ವಾ? ಕಲ್ಲು ಒಂದೇ ಲಯದಲ್ಲಿ ತಿರುಗ್ತಾ ಇರುತ್ತೆ, ಮಾತಾಡೋಕೆ ಆಗದ್ದನ್ನೆಲ್ಲ ಅದರ ಮೇಲೆ ಹಾಕಬಹುದು. ಅತ್ತೆ ಮನೆಯಲ್ಲಿ ‘ಅವ್ವ ನೆನಪಾಗ್ತಾಳೆ’ ಅಂತ ಬಾಯಿಬಿಟ್ಟು ಹೇಳೋಕೆ ಆಗದ ಹೆಣ್ಣುಮಗಳು ನಸುಕಿನಲ್ಲಿ ಜೋಳ ಬೀಸ್ತಾ ಅದನ್ನೇ ಹಾಡಬಹುದಿತ್ತು. ಕೇಳಿದವರು ಹಾಡು ಅಂದ್ಕೋತಿದ್ದರು.

ಗಂಡಸರಿಗೆ ಇದ್ದದ್ದು ಹರದೇಶಿ-ನಾಗೇಶಿ. ಒಂದು ಮೇಳ ಗಂಡು ಹೆಚ್ಚು ಅಂತ, ಇನ್ನೊಂದು ಹೆಣ್ಣು ಹೆಚ್ಚು ಅಂತ, ರಾತ್ರಿಯಿಡೀ ಸವಾಲು-ಜವಾಬು. ರ‍್ಯಾಪ್ ಬ್ಯಾಟಲ್ ನೋಡಿದಾಗ ನಮ್ಮಪ್ಪ ‘ಇದೇನ ಹೊಸಾದೋ’ ಅಂತಿದ್ದ. ಆದರೆ ಅದು ಗೆಲ್ಲೋ ಹಾಡು.

ಮಧುರಚೆನ್ನ ಒಬ್ಬರು ಬೇರೆ ದಾರಿ ಹಿಡಿದಿದ್ದರು. 1903ರಲ್ಲಿ ಹುಟ್ಟಿ 1953ರಲ್ಲಿ ತೀರಿಕೊಂಡವರು. ದೇವರ ವಿಚಾರದಲ್ಲಿ ತನ್ನೊಳಗೆ ಎದ್ದ ತೊಳಲಾಟವನ್ನ ಮುಚ್ಚಿಡದೆ ಬರೆದರು. ಆ ಪುಸ್ತಕಗಳ ಹೆಸರು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’. ಒಂದು ಆಲ್ಬಮ್ಮಿನ ಟ್ರ್ಯಾಕ್ ಲಿಸ್ಟ್ ಥರ ಇಲ್ವಾ? ಹಲಸಂಗಿಯಂಥ ಊರಲ್ಲಿ, ಅಂಥ ಕಾಲದಲ್ಲಿ, ಒಬ್ಬ ಗಂಡಸು ‘ನಾನು ಒಡೆದುಹೋಗಿದ್ದೀನಿ’ ಅಂತ ಬರೆದು ಅಚ್ಚು ಹಾಕಿಸಿದ್ದು ಸಣ್ಣ ಮಾತಲ್ಲ. ನಮ್ಮ ಊರಿನ ಕಟ್ಟೆ ಮೇಲೆ ಅವರ ಬಗ್ಗೆ ಇದನ್ನ ಯಾರೂ ಹೇಳಿರಲಿಲ್ಲ.

ಅವ್ವನ ವರ್ಷದ ಕಾರ್ಯ ಆಯ್ತು. ಮರುದಿನ ಮಧ್ಯಾಹ್ನ ಚಿಗವ್ವ ಪಡಸಾಲಿಯಲ್ಲಿ ಮರದ ತುಂಬ ತೊಗರಿ ಹಾಕ್ಕೊಂಡು ಹಸನ ಮಾಡ್ತಿದ್ದಳು. ವರ್ಷವಿಡೀ ನಾವಿಬ್ಬರೂ ಫೋನಿನಲ್ಲಿ ಮಳೆ, ಬೆಳೆ, ಲಿಂಬೆ ರೇಟಿನ ಆಚೆ ಮಾತಾಡಿರಲಿಲ್ಲ. ನಾನು ಹತ್ತಿರ ಕೂತು ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿದ್ದೆ.

‘ಏನ ಕೇಳ್ತಿಯೋ ತಮ್ಮಾ ಯಾವಾಗಲೂ? ಜ್ವರಾ ಹಚ್ಚು.’

ಇಯರ್‌ಫೋನ್ ಕಿತ್ತು ‘ಕೋಲ್ಡೆಸ್ಟ್ ವಿಂಟರ್’ ಹಾಕಿದೆ. ಇಂಗ್ಲಿಷ್ ಒಂದಕ್ಷರ ಬಾರದವಳು, ಕೈ ನಿಲ್ಲಿಸದೆ ಕೇಳಿದಳು. ಅರ್ಧಕ್ಕೆ ಮರ ಕೆಳಗಿಟ್ಟಳು.

‘ಗಂಟಲಾ ಕಟ್ಟ್ಯಾದೇನ ಅವಂದು?’

‘ಮಷೀನ್ ಹಚ್ಚ್ಯಾರ ಚಿಗವ್ವಾ, ಅದಕ್ಕ ಹಂಗ ಬರ್ತದ ದನಿ.’

‘ಮಷೀನ್ ಅಲ್ಲೋ. ಯಾರ ಸತ್ತಾರ ಅವಂದು?’

‘ಅವ್ವ.’

‘ಊರಾಗೇ ಸತ್ಲಾ?’

‘ಇಲ್ಲ. ಇವ ದೊಡ್ಡ ಊರಿಗೆ ಹೋಗಿದ್ದ. ಅಕೀನೂ ಇವನ ಹಿಂದ ಬಂದಿದ್ಲು. ಅಲ್ಲೇ.’

ಹಾಡು ಮುಗಿದಿತ್ತು. ಚಿಗವ್ವ ಬಹಳ ಹೊತ್ತು ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಮರದಲ್ಲಿ ಬೆರಳಾಡಿಸಿ ಒಂದು ಹರಳು ಹುಡುಕಿ ಅಂಗಳಕ್ಕೆ ಎಸೆದಳು.

‘ಇನ್ನೊಮ್ಮಿ ಹಚ್ಚು’ ಅಂದಳು.

ನೆಟ್‌ವರ್ಕ್ ಹೋಗಿತ್ತು, ಚಕ್ರ ಸುಮ್ಮನೆ ಸುತ್ತುತ್ತಿತ್ತು. ಮರ ಅಲ್ಲೇ ಬಿಟ್ಟು ಇಬ್ಬರೂ ಮಾಳಿಗೆ ಹತ್ತಿದೆವು. ಅವಳಿಗೆ ಮೊಣಕಾಲು ನೋವು, ನಿಚ್ಚಣಿಕೆ ಮೇಲೆ ನನ್ನ ಕೈ ಹಿಡಿದುಕೊಂಡಳು.